ಮುಚ್ಚಿದ ಅಂಗಡಿಗಳಿಂದ ಹಾಡು ತರುವ ಯಂಕಮ್ಮ

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ದೀಪಗಳು ಇನ್ನೂ ಆರಿಲ್ಲ. ಸಿಮೆಂಟ್ ಕಾರ್ಖಾನೆಯ ಚಿಮಣಿಯ ಹಿಂದೆ ಆಕಾಶ ಈಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಸೇಡಂ ಕಡೆಯ ಪ್ಯಾಸೆಂಜರ್ ಗಾಡಿ ಬರಲು ಹೊತ್ತಿದೆ. ಕಲ್ಲುಬೆಂಚಿನ ತುದಿಗೆ ಕುಳಿತ ಯಂಕಮ್ಮ ಕಾಲ ಬಳಿಯ ಚೀಲದಿಂದ ಒಂದೊಂದೇ ಸಿಡಿ ಹೊರತೆಗೆದು, ಅಂಚು ಹಿಡಿದು, ಬಾಯಿಂದ ಹಬೆ ಊದಿ, ಹಳೆಯ ಧೋತರದ ತುಂಡಿನಿಂದ ಒರೆಸುತ್ತಾರೆ. ಒರೆಸಿದ್ದನ್ನು ಪುಟ್ಟ ಪ್ಲೇಯರಿನೊಳಗೆ ಇಟ್ಟು, ವಾಯರು ಒಂದೇ ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ತಲೆಯಾಡಿಸಿ ಅದನ್ನು ಬಲಗಡೆ ಇಡುತ್ತಾರೆ. ತೊದಲುವ ಸಿಡಿ ಎಡಗಡೆಗೆ ಹೋಗುತ್ತದೆ.

“ನಡುವಿಂದ ಅಂಚಿಗಿ ಒರಸಬೇಕ್ರಿ. ಸುತ್ತ ತಿಕ್ಕಿದ್ರ ಗೆರಿ ಬೀಳತಾವ, ಹಾಡು ಕೆಡತದ,” ಎನ್ನುತ್ತಾರೆ ನನ್ನ ಮುಖ ನೋಡದೆ.

ಹಳಿ ದಾಟಿ ಬಂದ ರೈಲ್ವೆ ನೌಕರರೊಬ್ಬರು ಕೈಯಲ್ಲಿನ ಕಂದೀಲು ಕೆಳಗಿಟ್ಟು ನಿಲ್ಲುತ್ತಾರೆ. “ಯಂಕಮ್ಮಕ್ಕಾ, ನಮ್ಮವ್ವನ ಭಜನಿ ಸಿಡಿ ಸಿಕ್ಕಿತೇನು?”

“ಇನ್ನಾ ಇಲ್ರಿ ಅಣ್ಣಾ. ತಾಂಡೂರಿಗಿ ಹೋಗೋದದ. ಅಲ್ಲಿ ಒಂದು ಅಂಗಡಿ ಮುಚ್ಚಾಕತ್ಯಾರಂತ.”

ಅವರು ಹೋದ ಮೇಲೆ ಯಂಕಮ್ಮ ಚೀಲದ ಬಾಯಿ ಕಟ್ಟುತ್ತಾರೆ. ಎಲ್ಲಿ ಸಿಡಿ ಅಂಗಡಿ ಮುಚ್ಚುತ್ತಿದೆಯೋ ಅಲ್ಲಿ ಈ ಹೆಂಗಸಿನ ಕೆಲಸ ಶುರುವಾಗುತ್ತದೆ. ಯಾರೂ ಕೇಳದೆ ಅಟ್ಟ ಸೇರಿದ ಹಾಡುಗಳನ್ನು ಅಗ್ಗಕ್ಕೆ ಕೊಂಡು, ತೊಳೆದು, ಕೇಳಿ ನೋಡಿ, ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಸುಲೇಪೇಟದ ವಾರದ ಬಜಾರಗಳಲ್ಲಿ ಮಾರುತ್ತಾರೆ. ಒಂದು ಪ್ಲೇಟ್ ಮಿರ್ಚಿ ಭಜಿ ತಿಂದಷ್ಟು ದುಡ್ಡಿಗೆ ಒಂದು ಸಿಡಿ. ಚೌಕಾಸಿ ಮಾಡುವವರೂ ಇದ್ದಾರೆ, ಅವರಿಗೆ ಇನ್ನೂ ಕಡಿಮೆಗೆ ಬಿಡುತ್ತಾರೆ.

ಈ ಕಾಲದಲ್ಲಿ ಸಿಡಿ ಯಾರಿಗೆ ಬೇಕು ಎಂದು ನಾನೂ ಕೇಳಿದ್ದೆ. ಗಾಡಿ ಬಂತು, ಹತ್ತಿದೆವು, ಉತ್ತರ ಡಬ್ಬಿಯೊಳಗೇ ಸಿಕ್ಕಿತು. ನಾಲವಾರದ ಕಡೆಯಿಂದ ಬಂದು ಇಲ್ಲಿ ಗಾಡಿ ಬದಲಿಸಿದ ಮುದುಕರೊಬ್ಬರು ತಮ್ಮ ಮನೆಯ ಪ್ಲೇಯರಿಗೆ ಒಂದೇ ಗುಂಡಿ ಇದೆ, ಮೊಬೈಲಿನಲ್ಲಿ ಬೆರಳು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ ಎಂದರು. ಫರಸಿ ಕಲ್ಲು ಸಾಗಿಸುವ ಹಳೆಯ ಲಾರಿಗಳಲ್ಲಿ ಇನ್ನೂ ಸಿಡಿ ಟೇಪುಗಳೇ ಇವೆ. ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಅದೆಲ್ಲಕ್ಕಿಂತ ಮುಖ್ಯವಾದ ಕಾರಣವನ್ನು ಯಂಕಮ್ಮ ಹೇಳಿದರು. “ದೊಡ್ಡ ದೊಡ್ಡವರ ಹಾಡು ಮೊಬೈಲ್‌ನಾಗ ಸಿಗತಾವ್ರಿ. ನಮ್ಮ ಊರ ಮಂದಿ ಹಾಡಿದ್ದು ಯಾರು ಹಾಕ್ಯಾರ ಅದರಾಗ? ಅವು ಸಿಡಿದಾಗ ಅವ, ಇಲ್ಲಂದ್ರ ಎಲ್ಲೂ ಇಲ್ಲ.”

ಯಂಕಮ್ಮನದು ಕಾಗಿಣಾ ನದಿಯ ದಂಡೆಯ ಅಂಬಿಗರ ಮನೆತನ. ಮಾವ ಹರಿಗೋಲು ಹಾಕುತ್ತಿದ್ದರು. ಸೇತುವೆಯಾದ ಮೇಲೆ ಆ ಕೆಲಸ ನಿಂತಿತು. ಗಂಡ ಭಾಗಣ್ಣ ಶಹಾಬಾದದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟರು. ಕ್ಯಾಸೆಟ್ ಹೋಗಿ ಸಿಡಿ ಬಂತು. ತತ್ವಪದ, ಭಜನೆ, ಕವ್ವಾಲಿ, ಭೀಮಗೀತೆ, ಸಿನಿಮಾ ಹಾಡು, ಎಲ್ಲ ಒಂದೇ ಗೋಡೆಗೆ ಸಾಲಾಗಿ ನಿಂತಿದ್ದವು. ಯಂಕಮ್ಮ ಆ ಅಂಗಡಿಯ ಮೆಟ್ಟಿಲು ಹತ್ತಿದ್ದೇ ಕಡಿಮೆ. ಅವರು ಫರಸಿ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಲ್ಲು ಹೊರುತ್ತಿದ್ದರು. ಸಂಜೆ ಮನೆಗೆ ಬಂದರೆ ಸೀರೆ, ಕೂದಲು, ರೆಪ್ಪೆ ಎಲ್ಲ ಬಿಳಿ.

ಮೆಮೊರಿ ಕಾರ್ಡು ಬಂದ ಮೇಲೆ ಅಂಗಡಿಗೆ ಗಿರಾಕಿ ಕಡಿಮೆಯಾದರು. ಆಮೇಲೆ ಬರುವುದೇ ನಿಂತಿತು. ಭಾಗಣ್ಣ ಮಾತ್ರ ದಿನಾ ಬಾಗಿಲು ತೆಗೆದು, ಧೂಳು ಝಾಡಿಸಿ, ಒಂದು ಹಾಡು ಹಚ್ಚಿ ಕುಳಿತಿರುತ್ತಿದ್ದರು. ಒಂದು ಮಧ್ಯಾಹ್ನ ಎದೆ ನೋವೆಂದು ಮನೆಗೆ ಬಂದರು. ಆಸ್ಪತ್ರೆಗೆ ಒಯ್ಯುವ ಆಟೋದಲ್ಲೇ ಜೀವ ಹೋಯಿತು.

ಮಾಲೀಕರು ಅಂಗಡಿ ಖಾಲಿ ಮಾಡಿಸಿದರು. ಒಂದು ಟಂಟಂ ಆಟೋ ತುಂಬ ಸಿಡಿಗಳು ಮನೆಗೆ ಬಂದವು. ರದ್ದಿ ಕೊಳ್ಳುವವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದ. “ನಮ್ಮ ಮನಿಯವರು ಒಂದೊಂದ ಹಾಡು ಕೂಡಿಸಿ ಇಟ್ಟಾರ. ಅದಕ್ಕ ಪ್ಲಾಸ್ಟಿಕ್ ಅಂತ ನಾ ಹ್ಯಾಂಗ ತೂಗಲಿ? ಹೋಗಪ್ಪಾ ಅಂದೆ,” ಎನ್ನುತ್ತಾರೆ ಯಂಕಮ್ಮ.

ಅವರು ಬುಟ್ಟಿಯಲ್ಲಿ ಸಿಡಿ ತುಂಬಿಕೊಂಡು ವಾಡಿ ಬಜಾರಿಗೆ ಹೋದ ಮೊದಲ ದಿನ, ಮೆಣಸಿನಕಾಯಿ ಮಾರುವವರ ಪಕ್ಕ ಗೋಣಿ ಹಾಸಿ, ಸೆರಗು ಮುಖದ ಮೇಲೆ ಎಳೆದುಕೊಂಡು ಕುಳಿತಿದ್ದರಂತೆ. ಮಧ್ಯಾಹ್ನದ ತನಕ ಒಬ್ಬರೂ ಹತ್ತಿರ ಬರಲಿಲ್ಲ. ಕೊನೆಗೆ ಕಲ್ಲಿನ ಲಾರಿಯ ಡ್ರೈವರೊಬ್ಬರು ಒಂದು ಸಿಡಿ ಎತ್ತಿಕೊಂಡು, “ಯವ್ವಾ, ಇದು ಹತ್ತತದೇನು?” ಎಂದು ಕೇಳಿದರು. ಯಂಕಮ್ಮ ಅದನ್ನು ಹಚ್ಚಿ ನೋಡಿರಲಿಲ್ಲ. ಡ್ರೈವರು ಅದನ್ನು ಲಾರಿಗೆ ಒಯ್ದು ಹಚ್ಚಿಯೇಬಿಟ್ಟರು. ಡೊಳ್ಳಿನ ಪದ ಇಡೀ ಬಜಾರಿಗೆ ಕೇಳಿಸಿತು. ಜನ ಒಬ್ಬೊಬ್ಬರಾಗಿ ಬಂದು ಬುಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕುಳಿತರು.

“ಅವತ್ತ ಸೆರಗು ಸರಿಸಿ ಕುಂತೆ ನೋಡ್ರಿ. ಹಾಡು ಮಾರೋದ್ರಾಗ ನಾಚೋದೇನದ ಅಂತ ಅನಿಸ್ತು.”

ಮನೆಯಲ್ಲಿದ್ದ ಸಿಡಿಗಳು ಒಂದು ವರ್ಷದಲ್ಲಿ ಮುಗಿದವು. ಕೇಳುವವರು ಮುಗಿಯಲಿಲ್ಲ. ಹೊಸದು ತರೋಣವೆಂದರೆ ತಯಾರಿಸುವವರೇ ಇಲ್ಲ. ನೆಟ್ಟಿನಲ್ಲಿ ಹಳೆಯ ಸಿಡಿ ಮಾರುವವರು ಹೇಳುವ ಬೆಲೆ ಬಜಾರಿನ ಗಿರಾಕಿಗೆ ಎಟಕುವುದಲ್ಲ. ಆಗ ಯಂಕಮ್ಮ ಕಲಬುರಗಿ, ತಾಂಡೂರು, ಸೊಲ್ಲಾಪುರದ ಹಳೆಯ ಅಂಗಡಿಗಳನ್ನು ಹುಡುಕಿಕೊಂಡು ಹೋದರು. ಕ್ಯಾಸೆಟ್ ಮಾರುತ್ತಿದ್ದ ಕಡೆ ಈಗ ಮೊಬೈಲ್ ಕವರು, ಚಪ್ಪಲಿ, ಔಷಧಿ. ಕೌಂಟರಿನ ಮುಂದೆ ನಿಂತು, “ಅಣ್ಣಾ, ಅಟ್ಟದ ಮ್ಯಾಲ ಹಳಿ ಸಿಡಿ ಅವ ಏನ್ರಿ?” ಎಂದು ಕೇಳುವುದು ಅವರ ರೂಢಿ. ಕೆಲವರು ನಗುತ್ತಾರೆ. ಒಬ್ಬರು ಹುಚ್ಚಿಯೆಂದು ತಿಳಿದು ಚಹಾಕ್ಕೆ ಚಿಲ್ಲರೆ ಕೊಡಲು ಬಂದರಂತೆ. ಇನ್ನು ಕೆಲವರು ಏಣಿ ಹತ್ತಿ, ಇಲಿ ಕಡಿದ ರಟ್ಟಿನ ಡಬ್ಬಿಗಳನ್ನು ಕೆಳಗಿಳಿಸಿ, ಒಂದೆರಡು ಸಿಡಿ ತಮಗೆಂದು ಎತ್ತಿಟ್ಟುಕೊಂಡು ಉಳಿದದ್ದನ್ನು ಕೊಟ್ಟು ಕಳಿಸುತ್ತಾರೆ.

ಕಾಗಿಣಾ ತುಂಬಿ ಬಂದ ವರ್ಷ ನೀರು ಮನೆಯೊಳಗೆ ಮೊಣಕಾಲ ಮಟ್ಟ ನಿಂತಿತ್ತು. ಇಳಿದಾಗ ಸಿಡಿಗಳೆಲ್ಲ ರಾಡಿಯಲ್ಲಿದ್ದವು. ಓಣಿಯ ಹೆಂಗಸರು ಸೇರಿ ಒಂದೊಂದನ್ನೂ ಸೀಗೆಕಾಯಿ ನೊರೆಯಲ್ಲಿ ತೊಳೆದು ಅಂಗಳದ ಫರಸಿಯ ಮೇಲೆ ಹಪ್ಪಳದಂತೆ ಹರವಿದರು. ಬಿಸಿಲಿಗೆ ಇಡೀ ಓಣಿಯ ಗೋಡೆಗಳ ಮೇಲೆ ಬಣ್ಣದ ಬಳೆಗಳು ಕುಣಿಯುತ್ತಿದ್ದವಂತೆ. ಚಿತ್ರದ ಕಾಗದಗಳು ಹೋದವು. ಹಾಡುಗಳು ಬಹಳಷ್ಟು ಉಳಿದವು.

ಆದರೆ ಯಂಕಮ್ಮನ ಬಗ್ಗೆ ಬರೆಯಬೇಕೆಂದು ನನ್ನನ್ನು ಈ ಗಾಡಿ ಹತ್ತಿಸಿದ್ದು ಬೇರೊಂದು ಸಂಗತಿ. ಅದನ್ನು ನಾನು ಮೂವರ ಬಾಯಲ್ಲಿ ಕೇಳಿದ್ದೇನೆ. ಮೂವರೂ ಅದನ್ನು ಮೆಲ್ಲನೆಯ ದನಿಯಲ್ಲೇ ಹೇಳಿದರು.

ಎರಡು ವರ್ಷದ ಹಿಂದೆ ಸುಲೇಪೇಟದ ಬಜಾರಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಗಿರಾಕಿಗಳೆಲ್ಲ ಹೋಗುವ ತನಕ ದೂರ ನಿಂತಿದ್ದರು. ಹೆಸರು ಲಾಲಮ್ಮ. ಕೊನೆಗೆ ಹತ್ತಿರ ಬಂದು ಕೇಳಿದರು: “ಯವ್ವಾ, ಚಿಮ್ಮನಚೋಡದ ಅಂಬಾರಾಯ ಅನ್ನೋರು ಹಾಡಿದ್ದು ಅದ ಏನು?”

“ಅವರು ಯಾರ್ರಿ ಆಯಿ?”

ಲಾಲಮ್ಮ ತಲೆ ತಗ್ಗಿಸಿದರು. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ನಮ್ಮ ಮನಿಯವರು,” ಎಂದರು.

ಅಂಬಾರಾಯ ತೊಗರಿ ಹೊಲದ ಕೂಲಿಕಾರ. ಏಕತಾರಿ ಹಿಡಿದರೆ ಸುತ್ತಲಿನ ಹಳ್ಳಿಯವರು ಬಂದು ಕೂರುತ್ತಿದ್ದರು. ತಮ್ಮ ಗುರುವಿನಿಂದ ಕಲಿತ ಪದಗಳನ್ನು ಅದೇ ಧಾಟಿಯಲ್ಲಿ ಹಾಡುವವರು ಅವರೊಬ್ಬರೇ ಉಳಿದಿದ್ದರು. ಊರಿನವರು ಚಂದಾ ಪಟ್ಟಿ ಕೂಡಿಸಿ ಕಲಬುರಗಿಯ ಸಣ್ಣ ಸ್ಟುಡಿಯೊ ಒಂದರಲ್ಲಿ ಒಮ್ಮೆ ಸಿಡಿ ಮಾಡಿಸಿದ್ದರು. ಹಂಚಿ, ಮಾರಿ ಎಲ್ಲ ಮುಗಿದು, ಮನೆಗೆಂದು ಇಟ್ಟುಕೊಂಡ ಒಂದು ಸಿಡಿ ಮಳೆಗಾಲದಲ್ಲಿ ಗೋಡೆ ಬಿದ್ದಾಗ ಮಣ್ಣಿನಡಿ ನುಚ್ಚಾಯಿತು. ಆಮೇಲೆ ಅಂಬಾರಾಯನಿಗೆ ಗಂಟಲಿನ ಗಡ್ಡೆ. ಜೀವ ಉಳಿಸಲು ಡಾಕ್ಟರು ಧ್ವನಿಪೆಟ್ಟಿಗೆ ತೆಗೆಯಬೇಕಾಯಿತು. ಹಾಡಿದ ಮನುಷ್ಯನಿಗೆ ನೀರು ಕೇಳಲೂ ದನಿ ಇಲ್ಲದಂತಾಯಿತು.

“ಪದ ನನಗ ಎಲ್ಲಾ ಬರ್ತಾವ ಯವ್ವಾ,” ಎಂದರಂತೆ ಲಾಲಮ್ಮ. “ಧಾಟಿ ಬರಂಗಿಲ್ಲ. ಭಜನಿ ಹುಡುಗರು ಹಾಡ್ತಾರ, ಇವರು ಕೇಳಿ ತಲಿ ಅಲ್ಲಾಡಿಸಿ ಗೋಡಿ ಕಡಿ ಹೊಳ್ಳಿ ಮಲಗತಾರ. ಹಿಂಗ ಅಲ್ಲ ಅನ್ನಾಕ ಬಿ ದನಿ ಇಲ್ಲ ಅವರಿಗಿ.” ನಂತರ ಒಂದು ಪದದ ಮೊದಲ ಸಾಲನ್ನು ಮಾತಿನಂತೆ ಹೇಳಿ ತೋರಿಸಿದರು: “ಮೂರು ಬಾಗಿಲ ಮನಿಯೊಳಗ ಮುದುಕೊಬ್ಬಾಕಿ ಕುಂತಾಳ.”

ಹುಡುಕುತ್ತೇನೆ ಎಂದು ಯಂಕಮ್ಮ ಹೇಳಿದರು. ಕಲಬುರಗಿಯಲ್ಲಿ ಸ್ಟುಡಿಯೊ ಇದ್ದ ಕಡೆ ಈಗ ಟೇಲರ್ ಅಂಗಡಿ. ತಾಂಡೂರಿನಲ್ಲಿ ಇಲ್ಲ. ಸೊಲ್ಲಾಪುರದಲ್ಲಿ ಕೇಳುವುದು ವ್ಯರ್ಥವೆಂದು ಗೊತ್ತಿದ್ದರೂ ಕೇಳಿದರು. ಲಾರಿ ಡ್ರೈವರುಗಳನ್ನು ನಿಲ್ಲಿಸಿ ಕೇಳಿದರು. ಬೇಸಿಗೆ ಹೋಯಿತು, ಮಳೆ ಹೋಯಿತು. ಸುಲೇಪೇಟಕ್ಕೆ ಹೋದಾಗಲೆಲ್ಲ ಲಾಲಮ್ಮ ಬಂದು, ಏನೂ ಕೇಳದೆ, ಯಂಕಮ್ಮನ ಮುಖ ನೋಡಿಯೇ ಹಿಂದಿರುಗುತ್ತಿದ್ದರು.

“ಅದು ಭಾಳ ತಕಲೀಫ್ ಆಗತಿತ್ರಿ. ಬೈದಿದ್ರ ಬೇಸಿತ್ತು.”

ಚಳಿಗಾಲದ ಒಂದು ಬೆಳಗ್ಗೆ ಚಿತ್ತಾಪುರದಲ್ಲಿ ಬಜಾರಿನ ಕಡೆ ನಡೆಯುತ್ತಿದ್ದಾಗ, ರೊಟ್ಟಿ ಬಡಿಯುವ ಸದ್ದಿನ ನಡುವೆ ಏಕತಾರಿ ಕೇಳಿಸಿತು. ನಿಂತರು. ಗಂಡು ದನಿಯೊಂದು ಹಾಡುತ್ತಿತ್ತು. ಮೂರು ಬಾಗಿಲ ಮನಿಯೊಳಗ.

ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಹಸೀನಾಬೇಗಂ ಅವರ ಮನೆ ಅದು. ಅವರ ಗಂಡ ಲಾರಿ ಡ್ರೈವರ್. ಚಿಂಚೋಳಿಯ ಕಡೆ ಹೋದಾಗ ಯಾರೋ ಕೊಟ್ಟ ಸಿಡಿಯನ್ನು ಲಾರಿಯಲ್ಲಿ ಹಾಕಿ ಹಾಕಿ ಕೇಳುತ್ತಿದ್ದರಂತೆ. ಅಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಲಾರಿಯಿಂದ ಮನೆಗೆ ಬಂದದ್ದು ಒಂದು ಕಂಬಳಿ, ಊಟದ ಡಬ್ಬಿ ಮತ್ತು ಆ ಸಿಡಿ.

ಒಲೆಯ ಮುಂದೆ ಕುಳಿತೇ ಹಸೀನಾಬೇಗಂ ನನಗೆ ಹೇಳಿದರು: “ಈ ಮುತ್ಯಾ ಯಾರು ಅಂತ ನನಗ ಗೊತ್ತಿರಲಿಲ್ರಿ. ಪದದ ಅರ್ಥ ಬಿ ಪೂರಾ ತಿಳಿಯಂಗಿಲ್ಲ. ದಿನಾ ಈ ಮುತ್ಯಾ ನನ್ನ ಸಂಗಟ ಕುಂತು ರೊಟ್ಟಿ ಬಡಿದಂಗ ಅನಿಸ್ತದ.”

ಮೊದಲ ದಿನ ಅವರು ಯಂಕಮ್ಮನ ಪೂರಾ ಮಾತು ಕೇಳಲೇ ಇಲ್ಲ. ಸಿಡಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ, “ಅದು ಮಾರೋದಲ್ಲ” ಎಂದು ಎದ್ದು ಒಳಗೆ ಹೋದರು. ಯಂಕಮ್ಮ ಮುಂದಿನ ವಾರ ಮತ್ತೆ ಹೋದರು. ಆ ದಿನ ರೊಟ್ಟಿಗೆ ಬರುವ ಕೆಲಸದವಳು ಬಂದಿರಲಿಲ್ಲ. ಯಂಕಮ್ಮ ಕೈ ತೊಳೆದುಕೊಂಡು ಹಿಟ್ಟು ನಾದಲು ಕುಳಿತರು. ಅರ್ಧ ಹಿಟ್ಟು ಮುಗಿದ ಮೇಲೆ ಹೇಳಿದರು: “ಅಕ್ಕಾ, ನಾ ಕೊಳ್ಳಾಕ ಬಂದಿಲ್ಲ. ಈ ಹಾಡಿದವರಿಗಿ ಈಗ ದನಿ ಹೋಗ್ಯದ. ಅವರದೇ ಹಾಡು ಅವರ ಮನ್ಯಾಗ ಇಲ್ಲ.”

ಹಸೀನಾಬೇಗಂ ಅವರ ಕೈ ನಿಂತಿತು. “ಈ ಮುತ್ಯಾ ಜಿಂದಾ ಅದಾರಾ?”

“ಅದಾರ. ಚಿಮ್ಮನಚೋಡದಾಗ.”

ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಯಿತು. ಅದನ್ನು ಇಬ್ಬರೂ ಇಂದಿಗೂ ನೆನೆಯುತ್ತಾರೆ.

ಅಂದೇ ಇಬ್ಬರೂ ಸಿಡಿ ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋದರು, ಮೊಬೈಲಿಗೆ ಇಳಿಸಿ ಕಳಿಸೋಣವೆಂದು. ಕಂಪ್ಯೂಟರ್ ಅದನ್ನು ಓದಲೇ ಇಲ್ಲ. ಅಷ್ಟು ಗೀರುಗಳಿದ್ದವು. ಯಂಕಮ್ಮನ ಪ್ಲೇಯರಿನಲ್ಲೂ ಹತ್ತಲಿಲ್ಲ. ಅದು ಹಾಡುತ್ತಿದ್ದದ್ದು ಹಸೀನಾಬೇಗಂ ಮನೆಯ ಹಳೆಯ, ಭಾರದ ಪ್ಲೇಯರಿನಲ್ಲಿ ಮಾತ್ರ. ಅದರ ದನಿಯನ್ನು ಮೊಬೈಲಿನಲ್ಲಿ ಹಿಡಿಯುವುದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಬೇರೆಯವರ ಕೈಗೆ ಎರಡನ್ನೂ ಕೊಡುವ ಧೈರ್ಯ ಹಸೀನಾಬೇಗಂ ಅವರಿಗೆ ಆಗಲಿಲ್ಲ. “ನಾನೇ ಬರ್ತೀನಿ,” ಎಂದರು.

ರೊಟ್ಟಿ ಒಲೆ ಒಂದು ದಿನ ಆರಿತು. ಪ್ಲೇಯರನ್ನು ಕೌದಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಇಬ್ಬರು ಹೆಂಗಸರು ಚಿತ್ತಾಪುರದಿಂದ ಸೇಡಂ, ಸೇಡಂನಿಂದ ಚಿಂಚೋಳಿ, ಅಲ್ಲಿಂದ ಚಿಮ್ಮನಚೋಡದ ಬಸ್ಸು ಹಿಡಿದರು. ರಸ್ತೆಯ ಗುಂಡಿ ಬಂದಾಗಲೆಲ್ಲ ಯಂಕಮ್ಮ ಅಡಿಯಿಂದ ಕೈ ಕೊಟ್ಟು ಅದನ್ನು ಎತ್ತಿ ಹಿಡಿಯುತ್ತಿದ್ದರು. ಊರು ಮುಟ್ಟಿದರೆ ಕರೆಂಟಿಲ್ಲ. ಅಂಬಾರಾಯನ ಅಂಗಳದಲ್ಲಿ ಭಜನೆಯವರು ಕೂಡಿದ್ದರು. ಎಲ್ಲರೂ ತಂತಿ ನೋಡುತ್ತ ಕುಳಿತರು. ಕೊನೆಯ ಬಸ್ಸು ತಪ್ಪೀತೆಂದು ಯಾರೋ ನೆನಪಿಸಿದರು. ಹಸೀನಾಬೇಗಂ ಅಲುಗಾಡಲಿಲ್ಲ.

ಹೊತ್ತು ವಾಲಿದ ಮೇಲೆ ಕರೆಂಟು ಬಂತು. ಏಕತಾರಿ ಮಿಡಿಯಿತು. ಅಂಬಾರಾಯ ಕೊರಳಿಗೆ ಸುತ್ತಿದ ವಸ್ತ್ರದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ತಮ್ಮದೇ ದನಿ ಕೇಳಿದರು. ಅಳಲಿಲ್ಲ ಎನ್ನುತ್ತಾರೆ ಅವರ ಸೋದರಳಿಯ ದೇವಿಂದ್ರ. ಈಗ ಭಜನಾ ಮಂಡಳಿಯಲ್ಲಿ ಮುಂದಾಗಿ ಹಾಡುವವರು ಅವರೇ. “ತೊಡಿ ಮ್ಯಾಲ ಬೆರಳಿಂದ ತಾಳ ಹಾಕಾಕತ್ರು. ನಮಗೆಲ್ಲಾ ಅಳು ಬಂತು, ಮಾವಗ ಬರಲಿಲ್ಲ. ಅವರಿಗಿ ಕೆಲಸ ಸುರು ಆಗಿತ್ತು.”

ಎರಡನೆಯ ಸಾಲು ಬರಬೇಕಾದ ಕಡೆ ಸಿಡಿ ಗಕ್ಕನೆ ಹಾರಿ ಮುಂದಕ್ಕೆ ಹೋಯಿತು. ಅಂಬಾರಾಯ ಕಣ್ಣು ತೆರೆದು ಕೈಯೆತ್ತಿದರು. ಯಂಕಮ್ಮ ಪ್ಲೇಯರು ನಿಲ್ಲಿಸಿದರು. ಅಂಬಾರಾಯನ ತುಟಿಗಳು ಅಲುಗಾಡಿದವು, ಸದ್ದಿಲ್ಲ. ಬಾಗಿಲಲ್ಲಿ ನಿಂತಿದ್ದ ಲಾಲಮ್ಮ ಆ ತುಟಿಗಳನ್ನು ನೋಡಿ ಹೇಳಿದರು: “ಮುರುಕ ಮೊರದಾಗ ಗಾಳಿ ಕೇರಿ ಕಾಳು ಬ್ಯಾರಿ ಮಾಡತಾಳ.”

ದೇವಿಂದ್ರ ಹಾಡಿದರು. ಅಂಬಾರಾಯ ತಲೆಯಲ್ಲಾಡಿಸಿ, ಬೆರಳಿನಿಂದ ಮೇಲೆ ತೋರಿಸಿದರು. ಮತ್ತೆ ಹಾಡಿದರು. ಮತ್ತೆ ಇಲ್ಲ. ಬೆರಳು ಗಾಳಿಯಲ್ಲಿ ಮೆಲ್ಲಗೆ ಏರಿ, ಒಂದು ಕಡೆ ನಿಂತು, ಬಳುಕಿ ಇಳಿಯಿತು. ದೇವಿಂದ್ರ ಆ ಬೆರಳನ್ನೇ ನೋಡುತ್ತ ಹಾಡಿದರು. ಅಂಬಾರಾಯ ಕಣ್ಣು ಮುಚ್ಚಿಕೊಂಡರು. ಹಾಗೆಯೇ ಪದದ ನಂತರ ಪದ. ಸಿಡಿ ಹಾರಿದಲ್ಲೆಲ್ಲ ಲಾಲಮ್ಮ ಮಾತು ಕೊಟ್ಟರು, ಅಂಬಾರಾಯನ ಬೆರಳು ಧಾಟಿ ಕೊಟ್ಟಿತು. ಭಜನೆಯವರು ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಕೊಂಡರು. ಕೊನೆಯ ಬಸ್ಸು ಹೋಗಿಯೇಬಿಟ್ಟಿತು. ಇಬ್ಬರೂ ಲಾಲಮ್ಮನ ಮನೆಯಲ್ಲೇ ಉಂಡು ಉಳಿದರು. ಉಣ್ಣುವಾಗ ಹಸೀನಾಬೇಗಂ, ಈ ಹಾಡು ಕೇಳುತ್ತಲೇ ತಾವು ದಿನಾ ರೊಟ್ಟಿ ಬಡಿಯುವುದನ್ನು ಹೇಳಿದರು.

ಬೆಳಗ್ಗೆ ಹೊರಡುವಾಗ ಹಸೀನಾಬೇಗಂ ಸಿಡಿಯನ್ನು ಅಂಬಾರಾಯನ ಮುಂದೆ ಹಿಡಿದರು. “ಇಟ್ಕೊಳ್ರಿ ಮುತ್ಯಾ, ಇದು ನಿಮ್ಮದು.” ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಒತ್ತಿಕೊಂಡು, ಹಸೀನಾಬೇಗಂ ಕೈಯಲ್ಲೇ ಮರಳಿ ಇಟ್ಟರು. ನಂತರ ಎರಡೂ ಅಂಗೈ ತಟ್ಟಿ ರೊಟ್ಟಿ ಬಡಿಯುವ ಹಾಗೆ ಮಾಡಿ ತೋರಿಸಿದರು. ಎಲ್ಲರೂ ನಕ್ಕರು.

ಈ ವರ್ಷದ ಬೇಸಿಗೆಯಲ್ಲಿ ಅಂಬಾರಾಯ ತೀರಿಕೊಂಡರು. ಸುದ್ದಿ ತಿಳಿದ ಯಂಕಮ್ಮ ಬಜಾರು ಬಿಟ್ಟು ಚಿಮ್ಮನಚೋಡಕ್ಕೆ ಹೋದರು. ದೇವಿಂದ್ರ ಮತ್ತು ಮಂಡಳಿಯವರು ಮನೆಯಿಂದ ಮಣ್ಣಿನ ತನಕ ಗುರುವಿನ ಪದಗಳನ್ನೇ ಹಾಡುತ್ತ ನಡೆದರು. ಲಾಲಮ್ಮ ಹೊಸ್ತಿಲಲ್ಲಿ ಕುಳಿತು, ದನಿ ದೂರವಾಗುವ ತನಕ ಕಿವಿಗೊಟ್ಟಿದ್ದರಂತೆ. ಆ ದಿನದ ಬಗ್ಗೆ ಹೇಳುವಾಗ ಯಂಕಮ್ಮ ಗಾಡಿಯ ಕಿಟಕಿಯಾಚೆ ಓಡುವ ತೊಗರಿ ಹೊಲಗಳನ್ನು ನೋಡುತ್ತ, “ಧಾಟಿ ತಪ್ಪಲಿಲ್ರಿ,” ಎಂದಷ್ಟೇ ಅಂದರು.

ಗಾಡಿ ಇಳಿದು ಬಂದರೆ ಸೇಡಂ ಬಜಾರು ಆಗಲೇ ತುಂಬುತ್ತಿದೆ. ಬೆಳ್ಳುಳ್ಳಿ ರಾಶಿಯ ಪಕ್ಕ ತಮ್ಮ ಎಂದಿನ ಜಾಗದಲ್ಲಿ ಯಂಕಮ್ಮ ಗೋಣಿ ಹಾಸುತ್ತಾರೆ. ಇಲ್ಲಿಯೂ ಸುಖವೇನಿಲ್ಲ. ಮಳೆ ಬಂದರೆ ತಾಡಪಾಲು ಹಿಡಿದು ನಿಲ್ಲಬೇಕು. ಕಲ್ಲು ಹೊತ್ತ ಬೆನ್ನು ಬಹಳ ಹೊತ್ತು ಕೂರಲು ಬಿಡುವುದಿಲ್ಲ. ಕೆಲವು ಬಜಾರಿನಲ್ಲಿ ನಾಲ್ಕು ಸಿಡಿಯೂ ಹೋಗುವುದಿಲ್ಲ. ಮುಚ್ಚುವ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಸಿಡಿ ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಅವರು ಇನ್ನೊಂದು ಸಿಡಿ ತೆಗೆದು ಒರೆಸುತ್ತಾರೆ.

ನಿಮಗೇನು ಆಗಬೇಕು ಎಂದು ಕೇಳುತ್ತೇನೆ. ಸಿಡಿಗಳನ್ನು ಸಾಲಾಗಿ ಜೋಡಿಸುತ್ತಲೇ ಯೋಚಿಸುತ್ತಾರೆ.

“ಶಹಾಬಾದದಾಗ ಕುಂದ್ರಾಕ ಒಂದು ಮೂಲಿ ಸಿಕ್ಕರ ಸಾಕ್ರಿ. ಬಾಗಿಲ ಇದ್ರ ಬೇಸು, ಇಲ್ಲಂದ್ರ ನೆರಳಾದ್ರೂ ಇರಲಿ. ಈಗ ನಾ ಇಲ್ಲಿ ಕುಂತ ದಿನ ಯಾರೋ ಚಿತ್ತಾಪುರದಾಗ ನನ್ನ ಕೇಳಿ ಹೊಳ್ಳಿ ಹೋಗತಾರ. ಅವರಿಗಿ ಏನು ಬೇಕಿತ್ತೋ ಯಾರ ದನಿ ಬೇಕಿತ್ತೋ, ನನಗ ತಿಳಿಯೋದೇ ಇಲ್ಲ. ಒಂದ ಕಡಿ ಕುಂತ್ರ, ಹಾಡು ಬೇಕಾದವರಿಗಿ ಎಲ್ಲಿ ಹೋಗಬೇಕು ಅನ್ನೋದು ಗೊತ್ತಾಗತದ.”

ತಲೆಗೆ ಪಟಗಾ ಸುತ್ತಿದ ರೈತರೊಬ್ಬರು ಬಂದು ಗೋಣಿಯ ಮುಂದೆ ನಿಲ್ಲುತ್ತಾರೆ. ಕೊಳ್ಳಲೋ ಬೇಡವೋ ಎಂಬಂತೆ ಸಿಡಿಗಳ ಮೇಲೆ ಕಣ್ಣಾಡಿಸುತ್ತಾರೆ. ಯಂಕಮ್ಮ ಗೋಣಿಯ ಅಂಚಿನ ಧೂಳು ಕೈಯಿಂದ ಝಾಡಿಸಿ ಅವರಿಗೆ ಜಾಗ ಮಾಡುತ್ತಾರೆ.

“ಕುಂದ್ರಿ ಯಪ್ಪಾ. ರೊಕ್ಕದ ಮಾತು ಆಮ್ಯಾಲ, ಮೊದಲ ಕೇಳ್ರಿ.”